ನರದ ವೇಗವನ್ನು ಅಳೆಯುವುದು: ಆ ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಬೆರಳುಗಳಲ್ಲಿ ಜೋಮು, ಪಾದಗಳಲ್ಲಿ ಉರಿ, ಹಿಡಿದ ವಸ್ತು ಕೈಜಾರುವಷ್ಟು ನಿಶ್ಶಕ್ತಿ, ಇಂಥ ತೊಂದರೆಗಳ ಕಾರಣ ಹುಡುಕುವಾಗ ನರರೋಗ ತಜ್ಞರು ಬಹಳ ಸಲ ಬರೆದುಕೊಡುವುದು ನರವಹನ ಪರೀಕ್ಷೆಯನ್ನು. ಆಸ್ಪತ್ರೆಗಳಲ್ಲಿ ಇದಕ್ಕೆ ಎನ್‌ಸಿವಿ ಅಥವಾ ಎನ್‌ಸಿಎಸ್ ಎನ್ನುತ್ತಾರೆ. ಪರೀಕ್ಷೆ ಮುಗಿದ ಮೇಲೆ ಕೈಗೆ ಬರುವ ವರದಿಯಲ್ಲಿ ನರಗಳ ಹೆಸರಿನ ಮುಂದೆ ಸಾಲು ಸಾಲು ಸಂಖ್ಯೆಗಳಿರುತ್ತವೆ; ಅವುಗಳಲ್ಲಿ ಕಣ್ಣು ಮೊದಲು ಬೀಳುವುದು ಸೆಕೆಂಡಿಗೆ ಇಷ್ಟು ಮೀಟರ್ ಎಂದು ನಮೂದಾದ ವೇಗದ ಮೇಲೆ. ವೇಗ ಸರಿಯಿದ್ದರೆ ನರ ಚೆನ್ನಾಗಿದೆ, ಕಡಿಮೆಯಿದ್ದರೆ ಕೆಟ್ಟಿದೆ ಎಂದು ಓದಿಕೊಳ್ಳುವುದು ಸಹಜ. ಆದರೆ ಒಂದು ನರದ ಅರ್ಧದಷ್ಟು ತಂತುಗಳು ಸತ್ತುಹೋಗಿದ್ದರೂ ಅದರ ವೇಗ ಸಹಜ ಮಿತಿಯೊಳಗೇ ಇರಬಹುದು; ಪೂರ್ತಿ ಆರೋಗ್ಯವಾಗಿರುವ ನರವೊಂದು, ಪರೀಕ್ಷೆಯ ಹೊತ್ತಿಗೆ ಕೈ ತಣ್ಣಗಿತ್ತೆಂಬ ಒಂದೇ ಕಾರಣಕ್ಕೆ, ರೋಗಕ್ಕೆ ತುತ್ತಾದಂತೆ ಕಾಣಬಹುದು. ಹಾಗಾಗಿ ವೇಗವೆಂಬ ಈ ಸಂಖ್ಯೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಬುಡದಿಂದಲೇ ನೋಡಬೇಕು.

ನರದಲ್ಲಿ ಸಂಕೇತ ಸಾಗುವ ವೇಗವನ್ನು ಅಳೆಯಬಹುದೆಂಬ ನಂಬಿಕೆಯೇ ಒಂದು ಕಾಲದಲ್ಲಿ ಇರಲಿಲ್ಲ. ಜರ್ಮನಿಯ ಹೆಸರಾಂತ ಶರೀರಕ್ರಿಯಾ ವಿಜ್ಞಾನಿ ಯೊಹಾನೆಸ್ ಮ್ಯುಲರ್ ಅದು ಮನುಷ್ಯನ ಅಳತೆಗೆ ಸಿಗದಷ್ಟು ಹೆಚ್ಚೆಂದು ಭಾವಿಸಿದ್ದರು. ಅವರ ಶಿಷ್ಯರೇ ಆದ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಅದನ್ನು ಅಳೆದು ತೋರಿಸಿದರು. ಕಪ್ಪೆಯ ಕಾಲಿನ ಸ್ನಾಯುವನ್ನು ಅದರ ನರದ ಸಮೇತ ಬಿಡಿಸಿಟ್ಟುಕೊಂಡು, ನರದ ಮೇಲೆ ಸ್ನಾಯುವಿಗೆ ಹತ್ತಿರದ ಒಂದು ಜಾಗದಲ್ಲಿಯೂ ದೂರದ ಇನ್ನೊಂದು ಜಾಗದಲ್ಲಿಯೂ ಪ್ರತ್ಯೇಕವಾಗಿ ವಿದ್ಯುತ್ ತಾಗಿಸಿ, ಎರಡೂ ಸಲ ಸ್ನಾಯು ಸಂಕುಚಿಸಲು ಹಿಡಿದ ಸಮಯವನ್ನು ಗುರುತಿಸಿದರು. ಎರಡು ಸಮಯಗಳ ವ್ಯತ್ಯಾಸವೆಂದರೆ ಆ ಎರಡು ಜಾಗಗಳ ನಡುವಿನ ನರವನ್ನು ದಾಟಲು ಸಂಕೇತಕ್ಕೆ ಬೇಕಾದ ಸಮಯ. ಸಿಕ್ಕ ವೇಗ ಸೆಕೆಂಡಿಗೆ ಸುಮಾರು 27 ಮೀಟರ್, ಗಾಳಿಯಲ್ಲಿ ಶಬ್ದ ಸಾಗುವ ವೇಗದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಇಂದು ಕಂಪ್ಯೂಟರ್ ಜೋಡಿಸಿದ ಯಂತ್ರಗಳು ಮಾಡುವುದೂ ಇದೇ ಕಳೆಯುವ ಲೆಕ್ಕವನ್ನು. ಒಂದೂಮುಕ್ಕಾಲು ಶತಮಾನದಲ್ಲಿ ಉಪಕರಣ ಬದಲಾಗಿದೆ, ಉಪಾಯ ಬದಲಾಗಿಲ್ಲ.

ಎಲ್ಲ ನರತಂತುಗಳೂ ಒಂದೇ ವೇಗದಲ್ಲಿ ಸಂಕೇತ ಒಯ್ಯುವುದಿಲ್ಲ ಎಂಬುದನ್ನು ಸ್ಪಷ್ಟಪಡಿಸಿದವರು ಅಮೆರಿಕದ ಜೋಸೆಫ್ ಅರ್ಲಾಂಗರ್ ಮತ್ತು ಹರ್ಬರ್ಟ್ ಗ್ಯಾಸರ್. ಅವರಿಗೆ 1944ರ ನೊಬೆಲ್ ಪ್ರಶಸ್ತಿ ಸಂದದ್ದು ಈ ಕೆಲಸಕ್ಕೆ. ಬರಿಗಣ್ಣಿಗೆ ಒಂದೇ ದಾರದಂತೆ ಕಾಣುವ ನರದೊಳಗೆ ಸಾವಿರಾರು ತಂತುಗಳಿರುತ್ತವೆ. ದಪ್ಪನೆಯವು ವೇಗವಾಗಿ, ತೆಳ್ಳನೆಯವು ನಿಧಾನವಾಗಿ ಸಂಕೇತವನ್ನು ಸಾಗಿಸುತ್ತವೆ. ದಪ್ಪ ತಂತುಗಳ ಸುತ್ತ ಶ್ವಾನ್ ಕೋಶಗಳು ಸುತ್ತಿಕೊಂಡು ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯನ್ನು ರಚಿಸುತ್ತವೆ. ಈ ಹೊದಿಕೆ ಅಖಂಡವಾಗಿಲ್ಲ. ಹೆಚ್ಚೆಂದರೆ ಒಂದು ಮಿಲಿಮೀಟರ್ ಆಸುಪಾಸಿನ ಅಂತರದಲ್ಲಿ ಅಲ್ಲಲ್ಲಿ ತೆರೆದ ಗಿಣ್ಣುಗಳಿವೆ. ಸೋಡಿಯಂ ಅಯಾನುಗಳನ್ನು ಒಳಬಿಡುವ ದ್ವಾರಗಳು ಈ ಗಿಣ್ಣುಗಳಲ್ಲೇ ಕಿಕ್ಕಿರಿದಿರುವುದರಿಂದ ಸಂಕೇತ ಪ್ರತಿ ಗಿಣ್ಣಿನಲ್ಲೂ ಹೊಸದಾಗಿ ಹುಟ್ಟಿ, ನಡುವಿನ ಹೊದಿಕೆಯ ಭಾಗವನ್ನು ಬಹುಬೇಗ ದಾಟಿ, ಗಿಣ್ಣಿನಿಂದ ಗಿಣ್ಣಿಗೆ ಜಿಗಿಯುತ್ತಾ ಹೋಗುತ್ತದೆ. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಈ ಜಿಗಿತವಿಲ್ಲ. ಅಲ್ಲಿ ಸಂಕೇತ ಇಂಚಿಂಚಾಗಿ ಸಾಗಬೇಕು. ವೇಗ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್ ಮಾತ್ರ. ಕಾಲ್ಬೆರಳು ಎಡವಿದಾಗ ಮೊದಲು ಚುರ್ರೆಂದು ಒಂದು ನೋವು, ಕ್ಷಣ ಬಿಟ್ಟು ಒಳಗಿನಿಂದ ಹಬ್ಬುವ ಇನ್ನೊಂದು ನೋವು ಬರುವುದಕ್ಕೆ ಕಾರಣ ಇದೇ: ಮೊದಲನೆಯದನ್ನು ತಂದವು ತೆಳುವಾದ ಹೊದಿಕೆಯಿರುವ ತಂತುಗಳು, ಎರಡನೆಯದನ್ನು ತಂದವು ಹೊದಿಕೆಯೇ ಇಲ್ಲದವು.

ಈಗ ಪರೀಕ್ಷೆಯನ್ನೇ ಹತ್ತಿರದಿಂದ ನೋಡೋಣ. ಮುಂಗೈಯ ನಡುವೆ ಹಾದು ಅಂಗೈಗೆ ಇಳಿಯುವ ಮೀಡಿಯನ್ ನರದ ಚಾಲಕ ತಂತುಗಳನ್ನು, ಅಂದರೆ ಸ್ನಾಯುಗಳಿಗೆ ಆಜ್ಞೆ ಒಯ್ಯುವ ತಂತುಗಳನ್ನು, ಪರೀಕ್ಷಿಸಬೇಕೆಂದುಕೊಳ್ಳಿ. ಹೆಬ್ಬೆರಳ ಬುಡದ ಉಬ್ಬಿನಲ್ಲಿರುವ ಸ್ನಾಯುವಿನ ನಡುಭಾಗದ ಮೇಲೆ ಒಂದು ಎಲೆಕ್ಟ್ರೋಡ್, ಹೆಬ್ಬೆರಳ ಕೀಲಿನ ಮೇಲೆ ಇನ್ನೊಂದು, ಹಿಂಗೈ ಮೇಲೆ ಅರ್ಥಿಂಗ್‌ಗಾಗಿ ಮತ್ತೊಂದು ಅಂಟಿಸುತ್ತಾರೆ. ಮಣಿಕಟ್ಟಿನಲ್ಲಿ ನರದ ನೇರಕ್ಕೆ ಸ್ಟಿಮ್ಯುಲೇಟರ್ ಇಟ್ಟು, ಒಂದು ಮಿಲಿಸೆಕೆಂಡಿನ ಐದನೇ ಒಂದು ಭಾಗದಷ್ಟೇ ಹೊತ್ತಿನ ವಿದ್ಯುತ್ ಮಿಡಿತವನ್ನು ಕೊಡುತ್ತಾರೆ. ಹೆಬ್ಬೆರಳು ತಾನಾಗಿ ಕುಪ್ಪಳಿಸುತ್ತದೆ, ಪರದೆಯ ಮೇಲೆ ಒಂದು ಅಲೆ ಏಳುತ್ತದೆ. ವಿದ್ಯುತ್ತನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದಂತೆ ಹೆಚ್ಚು ಹೆಚ್ಚು ತಂತುಗಳು ಸೇರಿಕೊಂಡು ಅಲೆ ಎತ್ತರವಾಗುತ್ತದೆ. ಒಂದು ಹಂತದ ನಂತರ ಎಷ್ಟು ಏರಿಸಿದರೂ ಅದು ಬೆಳೆಯುವುದಿಲ್ಲ. ಆಗ ಇನ್ನೊಂದು ಶೇಕಡಾ 20ರಿಂದ 30ರಷ್ಟು ಏರಿಸಿ ಅಂತಿಮ ಅಲೆಯನ್ನು ದಾಖಲಿಸುತ್ತಾರೆ. ಪರೀಕ್ಷೆಗೆ ಒಳಗಾಗುವವರಿಗೆ ಇದು ಅಹಿತಕರವೇ. ಆದರೆ ಈ ಹೆಚ್ಚುವರಿ ಏರಿಕೆಯನ್ನು ಕನಿಕರದಿಂದ ಕೈಬಿಟ್ಟರೆ ಕೆಲವು ತಂತುಗಳು ಪ್ರಚೋದನೆಗೊಳ್ಳದೆ ಉಳಿದು, ಇರುವ ತಂತುಗಳು ಇಲ್ಲದಂತೆ ವರದಿಯಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕಾರಣವನ್ನು ಮೊದಲೇ ವಿವರಿಸಿ ಹೇಳುವುದೇ ಇಲ್ಲಿ ನಿಜವಾದ ಕನಿಕರ; ಶಾಕ್ ಏಕೆ ಹೆಚ್ಚುತ್ತಿದೆಯೆಂದು ತಿಳಿದವರು ಅದನ್ನು ಹೆಚ್ಚು ಸಮಾಧಾನದಿಂದ ಸಹಿಸಿಕೊಳ್ಳುತ್ತಾರೆ.

ಮಣಿಕಟ್ಟಿನಲ್ಲಿ ಮಿಡಿತ ಕೊಟ್ಟ ಗಳಿಗೆಯಿಂದ ಅಲೆ ಏಳುವವರೆಗೆ 3.5 ಮಿಲಿಸೆಕೆಂಡು ಹಿಡಿಯಿತೆನ್ನಿ. ವರದಿಯಲ್ಲಿ ಲೇಟೆನ್ಸಿ ಎಂದು ಬರೆಯುವುದು ಈ ಸಮಯವನ್ನೇ. ಮಣಿಕಟ್ಟಿನಿಂದ ಸ್ನಾಯುವಿಗೆ 7 ಸೆಂಟಿಮೀಟರ್ ದೂರ. ನೇರವಾಗಿ ಭಾಗಿಸಿದರೆ ವೇಗ ಸೆಕೆಂಡಿಗೆ 20 ಮೀಟರ್ ಎಂದಾಗುತ್ತದೆ, ಮತ್ತು ಈ ಉತ್ತರ ತಪ್ಪು. ಏಕೆಂದರೆ ಆ 3.5 ಮಿಲಿಸೆಕೆಂಡು ಬರಿಯ ನರದ ಪ್ರಯಾಣದ್ದಲ್ಲ: ಸ್ನಾಯುವಿನೊಳಗೆ ಕವಲೊಡೆದು ತೆಳ್ಳಗಾದ ತುದಿಗಳಲ್ಲಿ ಸಂಕೇತ ನಿಧಾನವಾಗುತ್ತದೆ, ನರ ಮತ್ತು ಸ್ನಾಯು ಸೇರುವಲ್ಲಿ ರಾಸಾಯನಿಕ ಬಿಡುಗಡೆಯಾಗಿ ಸಂಕೇತ ಕೈಬದಲಿಸಲು ಸುಮಾರು ಒಂದು ಮಿಲಿಸೆಕೆಂಡು ಬೇಕು. ಆದ್ದರಿಂದ ಮೊಣಕೈ ಮಡಿಕೆಯಲ್ಲಿ ಅದೇ ನರಕ್ಕೆ ಮತ್ತೊಮ್ಮೆ ಮಿಡಿತ ಕೊಡುತ್ತಾರೆ. ಈ ಸಲ 7.5 ಮಿಲಿಸೆಕೆಂಡು ಹಿಡಿಯಿತು. ಕೊನೆಯ ಹಂತದ ವಿಳಂಬ ಎರಡರಲ್ಲೂ ಒಂದೇ ಆದ್ದರಿಂದ ಕಳೆದಾಗ ಅದು ಹೊರಟುಹೋಗಿ 4 ಮಿಲಿಸೆಕೆಂಡು ಉಳಿಯುತ್ತದೆ. ಟೇಪಿನಿಂದ ಅಳೆದ ದೂರ 220 ಮಿಲಿಮೀಟರ್. ಭಾಗಿಸಿದರೆ ಸೆಕೆಂಡಿಗೆ 55 ಮೀಟರ್. ವಯಸ್ಕರಲ್ಲಿ ತೋಳಿನ ನರಗಳಿಗೆ 50 ಮೀಟರ್‌ಗೂ ಕಾಲಿನ ನರಗಳಿಗೆ 40 ಮೀಟರ್‌ಗೂ ಮೇಲಿದ್ದರೆ ಸಾಮಾನ್ಯವಾಗಿ ಸಹಜವೆಂದು ಪರಿಗಣಿಸುತ್ತಾರೆ. ನಿಖರ ಮಿತಿ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಕೊಂಚ ಬೇರೆಯಾಗುತ್ತದೆ.

ಸಂವೇದನೆಯ ತಂತುಗಳ ಪರೀಕ್ಷೆಯಲ್ಲಿ ನಡುವೆ ಸ್ನಾಯುವಿಲ್ಲ, ಕೈಬದಲಿಸುವ ವಿಳಂಬವೂ ಇಲ್ಲ. ತೋರುಬೆರಳಿಗೆ ಉಂಗುರದಂಥ ಎಲೆಕ್ಟ್ರೋಡ್ ತೊಡಿಸಿ, 14 ಸೆಂಟಿಮೀಟರ್ ಆಚೆ ಮಣಿಕಟ್ಟಿನಲ್ಲಿ ದಾಖಲಿಸಿದರೆ ಒಂದೇ ಸಮಯ ಸಾಕು. ಆದರೆ ಸ್ನಾಯುವಿನ ಅಲೆ ಮಿಲಿವೋಲ್ಟ್‌ಗಳಲ್ಲಿದ್ದರೆ ನರದ್ದು ಮೈಕ್ರೋವೋಲ್ಟ್‌ಗಳಲ್ಲಿ, ಅಂದರೆ ಸಾವಿರದ ಒಂದು ಭಾಗದ ಅಳತೆಯಲ್ಲಿ ಇರುತ್ತದೆ. ಅದಕ್ಕಾಗಿ ಹಲವು ಸಲ ಮಿಡಿತ ಕೊಟ್ಟು ಸರಾಸರಿ ತೆಗೆದು, ಸುತ್ತಲಿನ ವಿದ್ಯುತ್ ಗದ್ದಲದಿಂದ ಅಲೆಯನ್ನು ಬೇರ್ಪಡಿಸಬೇಕಾಗುತ್ತದೆ.

ರೋಗದ ವಿಷಯಕ್ಕೆ ಹೋಗುವ ಮುನ್ನ, ರೋಗವಿಲ್ಲದೆಯೇ ವೇಗವನ್ನು ಬದಲಿಸುವ ಸಂಗತಿಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ತಪ್ಪು ವರದಿಗಳ ದೊಡ್ಡ ಪಾಲು ಇಲ್ಲಿಂದ ಬರುತ್ತದೆ. ಮೊದಲನೆಯದು ತಾಪಮಾನ. ನರ ತಣ್ಣಗಾದಾಗ ಸೋಡಿಯಂ ದ್ವಾರಗಳು ತಡವಾಗಿ ತೆರೆಯುತ್ತವೆ, ತೆರೆದ ಮೇಲೆ ಹೆಚ್ಚು ಹೊತ್ತು ಹಾಗೆಯೇ ಇರುತ್ತವೆ. ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಕುಗ್ಗುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಕಾದು ಕುಳಿತವರ ಕೈ 32 ಡಿಗ್ರಿಯ ಬದಲು 26ಕ್ಕೆ ಇಳಿದಿದ್ದರೆ 55 ಮೀಟರ್ ವೇಗದ ನರ 43ರಂತೆ ಕಾಣುತ್ತದೆ, ಮತ್ತು ಇಲ್ಲದ ನರರೋಗವೊಂದು ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಎಚ್ಚರದಿಂದ ನೋಡುವವರಿಗೆ ಒಂದು ಸುಳಿವು ಇಲ್ಲಿದೆ: ದ್ವಾರಗಳು ಹೆಚ್ಚು ಹೊತ್ತು ತೆರೆದಿರುವುದರಿಂದ ತಣ್ಣನೆಯ ನರದ ಅಲೆ ನಿಧಾನವಾದರೂ ಎತ್ತರವಾಗಿರುತ್ತದೆ, ರೋಗಗ್ರಸ್ತ ನರದಲ್ಲಿ ನಿಧಾನದ ಜೊತೆಗೆ ಅಲೆ ಎತ್ತರವಾಗುವುದಿಲ್ಲ. ಚರ್ಮದ ತಾಪಮಾನ ಅಳೆಯುವುದು, ಬೇಕಿದ್ದರೆ ಬೆಚ್ಚಗಿನ ನೀರಿನಲ್ಲಿ ಕೈಕಾಲು ಇಡಿಸಿ ಮತ್ತೆ ಅಳೆಯುವುದು, ಇವು ಕೆಲವೇ ನಿಮಿಷಗಳ ಕೆಲಸ. ತಾಪಮಾನವನ್ನೇ ನಮೂದಿಸದ ವರದಿಯಲ್ಲಿ ಅಲ್ಪಸ್ವಲ್ಪ ನಿಧಾನ ಕಂಡುಬಂದರೆ ಅದನ್ನು ಅನುಮಾನದಿಂದ ನೋಡುವುದು ನ್ಯಾಯವಾದದ್ದು.

ವಯಸ್ಸು ಎರಡನೆಯದು. ನವಜಾತ ಶಿಶುವಿನಲ್ಲಿ ಮಯಲಿನ್ ಇನ್ನೂ ಪೂರ್ತಿಯಾಗಿರದ ಕಾರಣ ವೇಗ ವಯಸ್ಕರ ಅರ್ಧದಷ್ಟಿರುತ್ತದೆ, 3ರಿಂದ 5 ವರ್ಷದೊಳಗೆ ವಯಸ್ಕರ ಮಟ್ಟ ತಲುಪುತ್ತದೆ. ಮುಪ್ಪಿನಲ್ಲಿ ಮೆಲ್ಲಗೆ ಇಳಿಯುತ್ತದೆ. ಎತ್ತರದ ವ್ಯಕ್ತಿಗಳ ಕಾಲಿನ ನರಗಳಲ್ಲೂ ವೇಗ ಕೊಂಚ ಕಡಿಮೆ. ಇನ್ನು ದೂರದ ಅಳತೆ: ನರ ಒಳಗಿದೆ, ಟೇಪು ಚರ್ಮದ ಮೇಲಿದೆ. ಕಿರುಬೆರಳಿಗೆ ಹೋಗುವ ಅಲ್ನರ್ ನರ ಮೊಣಕೈಯ ಹಿಂದೆ ಮೂಳೆಯ ಸಂದಿಯಲ್ಲಿ ಹಾದುಹೋಗುವಲ್ಲಿ, ತೋಳು ನೇರವಾಗಿದ್ದಾಗ ನರ ಸಡಿಲವಾಗಿ ಮಡಚಿಕೊಂಡಿರುತ್ತದೆ. ಚರ್ಮದ ಮೇಲಿನ ಅಳತೆ ನಿಜವಾದ ಉದ್ದಕ್ಕಿಂತ ಕಡಿಮೆ ಬಂದು ವೇಗವೂ ಸುಳ್ಳಾಗಿ ಕಡಿಮೆಯಾಗುತ್ತದೆ. ಅದಕ್ಕೇ ಈ ಭಾಗವನ್ನು ಮೊಣಕೈ ಮಡಚಿಸಿಯೇ ಅಳೆಯುತ್ತಾರೆ. 10 ಸೆಂಟಿಮೀಟರ್ ಅಂತರದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೂ 50 ಮೀಟರ್ ಇರಬೇಕಾದ ವೇಗ 45 ಆಗುತ್ತದೆ.

ಇಷ್ಟೆಲ್ಲ ಸರಿಯಾಗಿದ್ದರೂ ವೇಗದ ಲೆಕ್ಕದೊಳಗೇ ಒಂದು ಮಿತಿ ಅಡಗಿದೆ. ನಾವು ಗುರುತಿಸುವುದು ಅಲೆ ಏಳಲು ಶುರುವಾದ ಬಿಂದುವನ್ನು, ಅಂದರೆ ಎಲ್ಲಕ್ಕಿಂತ ಮೊದಲು ತಲುಪಿದ ತಂತುಗಳನ್ನು. ಓಟದ ಸ್ಪರ್ಧೆಯೊಂದರಲ್ಲಿ ಗುರಿ ಮುಟ್ಟಿದ ಮೊದಲಿಗನ ಸಮಯವನ್ನಷ್ಟೇ ಬರೆದುಕೊಂಡರೆ, ಎಷ್ಟು ಮಂದಿ ಓಡಿದರು, ಎಷ್ಟು ಮಂದಿ ನಡುವೆಯೇ ಕುಸಿದರು ಎಂಬುದು ಆ ಸಮಯದಿಂದ ತಿಳಿಯದು. ಎಷ್ಟು ತಂತುಗಳು ಬದುಕಿವೆ ಎಂಬುದನ್ನು ಹೇಳುವುದು ಅಲೆಯ ಎತ್ತರ. ವೇಗ ಹೇಳುವುದು ಹೊದಿಕೆಯ ಸ್ಥಿತಿಯನ್ನು. ವರದಿಯ ಈ ಎರಡು ಕಾಲಂಗಳನ್ನು ಒಟ್ಟಿಗೆ ಓದಿದಾಗಲೇ ರೋಗದ ಸ್ವರೂಪ ಕಾಣಿಸತೊಡಗುತ್ತದೆ.

ಮದ್ಯದ ಅತಿಸೇವನೆ, ಕೆಲವು ಕ್ಯಾನ್ಸರ್ ಔಷಧಿಗಳು ಮತ್ತು ಕೆಲವು ವಿಷಗಳು ಹೆಚ್ಚಾಗಿ ತಂತುವಿನ ತಿರುಳಾದ ಆಕ್ಸಾನನ್ನೇ ಕೊಲ್ಲುತ್ತವೆ. ಆಗ ಅಲೆ ಕುಗ್ಗುತ್ತದೆ, ಉಳಿದ ತಂತುಗಳು ತಮ್ಮ ವೇಗದಲ್ಲೇ ಸಾಗುವುದರಿಂದ ವೇಗ ಹೆಚ್ಚು ಇಳಿಯುವುದಿಲ್ಲ. ಅತಿವೇಗದ ತಂತುಗಳೂ ಸತ್ತಾಗ ಕೊಂಚ ಇಳಿದೀತು, ಆದರೆ ಸಹಜದ ಕೆಳಮಿತಿಯ ಮುಕ್ಕಾಲಿಗಿಂತ ಕೆಳಗೆ ಸಾಮಾನ್ಯವಾಗಿ ಹೋಗದು. ತೋಳಿನಲ್ಲಿ 35 ಮೀಟರ್‌ಗಿಂತ, ಕಾಲಿನಲ್ಲಿ 30 ಮೀಟರ್‌ಗಿಂತ ಕಡಿಮೆ ವೇಗ ಕಂಡರೆ ಹೊದಿಕೆಯೇ ಹಾಳಾಗಿದೆಯೆಂದು ಬಲವಾಗಿ ಶಂಕಿಸಬೇಕು. ಮಧುಮೇಹದಲ್ಲಿ ಎರಡೂ ಬೆರೆತಿರುತ್ತವೆ. ಉದ್ದದ ನರಗಳ ತುದಿಗಳು ಮೊದಲು ಬಳಲುವುದರಿಂದ ಕಣಕಾಲಿನ ಬಳಿಯ ಸೂರಲ್ ನರದ ಸಂವೇದನೆಯ ಅಲೆ ಕೈಗಳಿಗಿಂತ ಎಷ್ಟೋ ಮುಂಚೆ ಕುಗ್ಗುತ್ತದೆ.

ಹೊದಿಕೆಯ ರೋಗಗಳ ಒಳಗೇ ಇರುವ ಭೇದ ಈ ಪರೀಕ್ಷೆಯ ಅತ್ಯಂತ ಸಮೃದ್ಧ ಭಾಗವೆಂದು ನನಗನ್ನಿಸುತ್ತದೆ. ಚಾರ್ಕೋ-ಮಾರಿ-ಟೂತ್ ಎಂಬ ಆನುವಂಶಿಕ ರೋಗದ ಸಾಮಾನ್ಯ ಬಗೆಯಲ್ಲಿ 17ನೇ ಕ್ರೋಮೋಸೋಮಿನ ಪಿಎಂಪಿ22 ಎಂಬ ಜೀನಿರುವ ಭಾಗ ಇಮ್ಮಡಿಯಾಗಿ, ಮಯಲಿನ್ ಬಾಲ್ಯದಿಂದಲೇ ಎಲ್ಲೆಡೆ ಒಂದೇ ಸಮನೆ ದೋಷಪೂರ್ಣವಾಗಿ ಬೆಳೆಯುತ್ತದೆ. ವೇಗ 20ರ ಆಸುಪಾಸಿಗೆ ಇಳಿದಿದ್ದರೂ ಎಡ ಬಲ, ಮೇಲೆ ಕೆಳಗೆ ಎಲ್ಲೆಡೆ ಅದೇ ನಿಧಾನ. ಎಲ್ಲ ತಂತುಗಳೂ ಒಟ್ಟಿಗೆ ನಿಧಾನಗೊಂಡಿರುವುದರಿಂದ ಅಲೆಯ ಆಕಾರ ಚದುರುವುದಿಲ್ಲ. ಈ ರೋಗದಲ್ಲಿ ಮೀಡಿಯನ್ ಚಾಲಕ ನರದ ವೇಗ 38 ಮೀಟರ್‌ಗಿಂತ ಕಡಿಮೆಯೋ ಹೆಚ್ಚೋ ಎಂಬುದರ ಮೇಲೆ ಹೊದಿಕೆಯ ಬಗೆ ಮತ್ತು ಆಕ್ಸಾನಿನ ಬಗೆ ಎಂದು ವಿಂಗಡಿಸುವ ರೂಢಿ ಇಂದಿಗೂ ಇದೆ. ಗಿಯಾನ್-ಬಾರೆ ಸಿಂಡ್ರೋಮಿನಂತೆ ದೇಹದ ರಕ್ಷಣಾ ವ್ಯವಸ್ಥೆಯೇ ಮಯಲಿನ್ ಮೇಲೆ ಎರಗುವ ರೋಗಗಳಲ್ಲಿ ಹಾನಿ ತೇಪೆ ತೇಪೆಯಾಗಿರುತ್ತದೆ. ಕೆಲವು ತಂತುಗಳು ಬೇಗ, ಕೆಲವು ತಡವಾಗಿ ತಲುಪಿ ಅಲೆ ಉದ್ದಕ್ಕೆ ಚದುರಿಹೋಗುತ್ತದೆ. ಕೆಲವೆಡೆ ಸಂಕೇತ ದಾಟಲಾರದೆ ಅಲ್ಲೇ ನಿಲ್ಲುತ್ತದೆ: ಮಣಿಕಟ್ಟಿನಲ್ಲಿ ಮಿಡಿತ ಕೊಟ್ಟಾಗ ಎತ್ತರವಾಗಿದ್ದ ಅಲೆ ಮೊಣಕೈಯಲ್ಲಿ ಕೊಟ್ಟಾಗ ಅರ್ಧಕ್ಕಿಳಿಯುತ್ತದೆ. ನರ ಬದುಕಿದೆ, ದಾರಿ ಕಟ್ಟಿದೆ. ಇದನ್ನು ವಹನ ತಡೆ ಎನ್ನುತ್ತಾರೆ, ಮತ್ತು ಇದನ್ನು ಕಂಡುಹಿಡಿಯುವುದರಿಂದ ಬದುಕಿನ ಗತಿಯೇ ಬದಲಾಗುವ ಸಂದರ್ಭಗಳಿವೆ. ಸಂವೇದನೆ ಚೆನ್ನಾಗಿದ್ದು ಕೈಗಳು ಮಾತ್ರ ಸೊರಗುತ್ತಾ ಹೋಗುವ ವ್ಯಕ್ತಿಯಲ್ಲಿ ಚಿಕಿತ್ಸೆಗೆ ಬಗ್ಗದ ಚಾಲಕ ನರಕೋಶ ರೋಗದ ಭಯ ಮೊದಲು ಸುಳಿಯುತ್ತದೆ. ಆದರೆ ಚಾಲಕ ನರಗಳಲ್ಲಿ ವಹನ ತಡೆ ಸಿಕ್ಕರೆ ಅದು ಬಹುಕೇಂದ್ರೀಯ ಚಾಲಕ ನರರೋಗವಾಗಿರಬಹುದು, ಮತ್ತು ಅದಕ್ಕೆ ಇಮ್ಯುನೋಗ್ಲಾಬ್ಯುಲಿನ್ ಚಿಕಿತ್ಸೆ ಫಲಕಾರಿ.

ಒಂದೇ ಜಾಗದಲ್ಲಿ ನರ ಒತ್ತಿಹೋಗಿರುವ ತೊಂದರೆಗಳಲ್ಲಿ ಮಣಿಕಟ್ಟಿನ ಕಾರ್ಪಲ್ ಟನಲ್ ಸಿಂಡ್ರೋಮ್ ಅತಿ ಸಾಮಾನ್ಯ. ಅದರ ಆರಂಭದಲ್ಲಿ ಮುಂಗೈ ವೇಗ ಸಹಜವಾಗಿಯೇ ಇರುತ್ತದೆ, ಏಕೆಂದರೆ ಒತ್ತಡವಿರುವುದು ಕೆಲವೇ ಸೆಂಟಿಮೀಟರ್ ಉದ್ದದ ಇಕ್ಕಟ್ಟಿನಲ್ಲಿ. ತಡವಾಗುವುದು ಮಣಿಕಟ್ಟಿನಿಂದ ಕೆಳಗಿನ ಸಮಯ. ಅನುಮಾನವಿದ್ದಾಗ ಬಳಸುವ ಒಂದು ಸೊಗಸಾದ ವಿಧಾನವೆಂದರೆ ಉಂಗುರ ಬೆರಳಿನದು. ಈ ಬೆರಳಿನ ಒಂದು ಪಾರ್ಶ್ವಕ್ಕೆ ಮೀಡಿಯನ್ ನರ, ಇನ್ನೊಂದು ಪಾರ್ಶ್ವಕ್ಕೆ ಅಲ್ನರ್ ನರ ಸಂವೇದನೆ ಕೊಡುತ್ತದೆ. ಇಕ್ಕಟ್ಟಿನಲ್ಲಿ ಹಾಯುವುದು ಮೀಡಿಯನ್ ಮಾತ್ರ. ಮಣಿಕಟ್ಟಿನಲ್ಲಿ ಎರಡನ್ನೂ ಸಮಾನ ದೂರದಿಂದ ಒಂದಾದ ಮೇಲೊಂದರಂತೆ ಪ್ರಚೋದಿಸಿ ಅದೇ ಬೆರಳಿನಲ್ಲಿ ದಾಖಲಿಸಿದರೆ ಎರಡು ಸಮಯಗಳು ಹೆಚ್ಚುಕಡಿಮೆ ಒಂದೇ ಆಗಿರಬೇಕು. ಮೀಡಿಯನ್ ಸುಮಾರು ಅರ್ಧ ಮಿಲಿಸೆಕೆಂಡು ಹಿಂದೆ ಬಿದ್ದರೆ ರೋಗ ಸಿಕ್ಕಿತು. ಕೈಯ ತಾಪಮಾನ, ವಯಸ್ಸು, ಎತ್ತರ, ಮಧುಮೇಹ ಎಲ್ಲವೂ ಎರಡೂ ನರಗಳಿಗೆ ಸಮಾನವಾದ್ದರಿಂದ ಅವುಗಳಿಂದಾಗುವ ಗೊಂದಲ ತಾನಾಗಿಯೇ ಕಳೆದುಹೋಗುತ್ತದೆ. ಸಾವಿರಾರು ಅಪರಿಚಿತರ ಸರಾಸರಿಗೆ ಹೋಲಿಸುವುದಕ್ಕಿಂತ ಒಬ್ಬರ ಒಂದು ನರವನ್ನು ಅವರದೇ ಇನ್ನೊಂದು ನರಕ್ಕೆ ಹೋಲಿಸುವುದು ಎಷ್ಟೋ ಹೆಚ್ಚು ನಂಬಲರ್ಹ.

ಕುತ್ತಿಗೆ ಅಥವಾ ಸೊಂಟದ ಡಿಸ್ಕ್ ಜಾರಿ ನರದ ಬೇರು ಒತ್ತಿದಾಗ ಜೋಮು ತೀವ್ರವಾಗಿದ್ದರೂ ಸಂವೇದನೆಯ ಅಲೆ ಸಹಜವಾಗಿರುವುದುಂಟು. ಸಂವೇದನೆಯ ತಂತುಗಳ ಕೋಶಕಾಯವಿರುವುದು ಬೆನ್ನುಹುರಿಯ ಹೊರಗಿನ ಗಂಟಿನಲ್ಲಿ. ಒತ್ತಡ ಅದಕ್ಕಿಂತ ಒಳಗಡೆ ಬಿದ್ದಾಗ ಹೊರಭಾಗದ ತಂತು ತನ್ನ ಕೋಶದಿಂದ ಪೋಷಣೆ ಪಡೆಯುತ್ತಲೇ ಇರುತ್ತದೆ. ಮೆದುಳಿಗೆ ಸುದ್ದಿ ತಲುಪುವುದಿಲ್ಲ, ಆದರೆ ಕಾಲಿನಲ್ಲಿ ಅಳೆದರೆ ನರ ಸರಿಯಿದೆ. ಬೇರಿನ ಸಮೀಪದ ಭಾಗವನ್ನು ತಕ್ಕಮಟ್ಟಿಗೆ ಪರೀಕ್ಷಿಸಲು ಎಫ್ ಅಲೆ ನೆರವಾಗುತ್ತದೆ: ಮಣಿಕಟ್ಟಿನಲ್ಲಿ ಕೊಟ್ಟ ಮಿಡಿತ ಮೇಲ್ಮುಖವಾಗಿ ಬೆನ್ನುಹುರಿಗೆ ಹೋಗಿ, ಅಲ್ಲಿನ ಕೆಲವು ಚಾಲಕ ಕೋಶಗಳನ್ನು ಕೆರಳಿಸಿ ಹಿಂದಿರುಗಿ, ಸುಮಾರು 30 ಮಿಲಿಸೆಕೆಂಡಿನ ನಂತರ ಹೆಬ್ಬೆರಳಿನಲ್ಲಿ ಪುಟ್ಟ ಅಲೆಯಾಗಿ ಕಾಣುತ್ತದೆ. ಗಿಯಾನ್-ಬಾರೆಯ ಮೊದಲ ದಿನಗಳಲ್ಲಿ ಉಳಿದೆಲ್ಲ ಅಳತೆ ಸಹಜವಾಗಿದ್ದು ಎಫ್ ಅಲೆ ಮಾತ್ರ ತಡವಾಗುವುದು ಅಥವಾ ಮಾಯವಾಗುವುದು ಅಪರೂಪವಲ್ಲ. ಅದೂ ಸಹಜವಾಗಿದ್ದರೆ ಪರೀಕ್ಷೆಯನ್ನು ಒಂದೆರಡು ವಾರದಲ್ಲಿ ಪುನಃ ಮಾಡುತ್ತಾರೆ. ಆದರೆ ಚಿಕಿತ್ಸೆ ಅಷ್ಟು ದಿನ ಕಾಯಬಾರದು.

ಸಮಯದ ಪ್ರಶ್ನೆ ಗಾಯಗಳಲ್ಲಿ ಇನ್ನೂ ಮುಖ್ಯ. ಇಂದು ಕತ್ತರಿಸಿಹೋದ ನರದ ಕೆಳಭಾಗ ನಾಳೆಯೂ ಸಂಕೇತವನ್ನು ಸಹಜವಾಗಿಯೇ ಒಯ್ಯುತ್ತದೆ. ಕೋಶದಿಂದ ಬೇರ್ಪಟ್ಟ ಆ ತುಂಡು ಕ್ರಮೇಣ ಕರಗುತ್ತಾ, ಚಾಲಕ ಅಲೆ ಸುಮಾರು ಒಂದು ವಾರಕ್ಕೆ, ಸಂವೇದನೆಯ ಅಲೆ ಸುಮಾರು 10-11 ದಿನಗಳಿಗೆ ಇಲ್ಲವಾಗುತ್ತದೆ. ಹೀಗಾಗಿ ನರ ತುಂಡಾಗಿದೆಯೋ ಅಥವಾ ಹೊದಿಕೆ ಜಜ್ಜಿ ವಹನವಷ್ಟೇ ನಿಂತಿದೆಯೋ ಎಂಬುದನ್ನು ಮೊದಲ ವಾರದ ವರದಿಯಿಂದ ಹೇಳಲಾಗದು. ಎರಡು ವಾರದ ಬಳಿಕವೂ ಗಾಯದ ಕೆಳಗೆ ಅಲೆ ಎತ್ತರವಾಗಿ ಉಳಿದಿದ್ದರೆ ಆಕ್ಸಾನುಗಳು ಜೀವಂತವಾಗಿವೆ, ಚೇತರಿಕೆ ವಾರಗಳಲ್ಲಿ ಬಂದೀತು. ಅಲೆ ಮಾಯವಾಗಿದ್ದರೆ ತಂತುಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮರಳಿ ಬೆಳೆಯಬೇಕು.

ಕೊನೆಯದಾಗಿ, ಈ ಪರೀಕ್ಷೆಯ ಕಣ್ಣಿಗೆ ಬೀಳದ ತಂತುಗಳಿವೆ. ನೋವು, ಬಿಸಿ, ತಂಪುಗಳನ್ನು ಒಯ್ಯುವ ಸಣ್ಣ ತಂತುಗಳ ಸಂಕೇತ ಅತಿ ಕ್ಷೀಣ, ಅತಿ ನಿಧಾನ. ದಪ್ಪ ತಂತುಗಳ ಅಲೆಯಲ್ಲಿ ಅದು ಕಾಣುವುದೇ ಇಲ್ಲ. ರಾತ್ರಿಯಿಡೀ ಪಾದ ಉರಿಯುವ ವ್ಯಕ್ತಿಯ ವರದಿಯಲ್ಲಿ ಎಲ್ಲ ಸಂಖ್ಯೆಗಳೂ ಸಹಜವಾಗಿರುವುದು ಇದರಿಂದ ಸಾಧ್ಯ, ಮತ್ತು ಅಂಥವರಿಗೆ ನರದಲ್ಲಿ ಏನೂ ದೋಷವಿಲ್ಲವೆಂದು ಹೇಳಿ ಕಳಿಸುವುದು ಅನ್ಯಾಯ. ಅವರಲ್ಲಿ ಕಣಕಾಲಿನ ಮೇಲ್ಭಾಗದಿಂದ ಸುಮಾರು 3 ಮಿಲಿಮೀಟರ್ ಅಗಲದ ಚರ್ಮದ ಚೂರು ತೆಗೆದು, ಹೊರಪದರದೊಳಗೆ ಏರಿಬರುವ ನರತುದಿಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ವಯಸ್ಸಿಗೆ ತಕ್ಕ ಸಂಖ್ಯೆಗಿಂತ ಅವು ಕಡಿಮೆಯಿದ್ದರೆ ಸಣ್ಣ ತಂತುಗಳ ನರರೋಗ ಖಚಿತವಾಗಿ, ಮಧುಮೇಹದಂಥ ಕಾರಣಗಳ ಹುಡುಕಾಟ ಅಲ್ಲಿಂದ ಮುಂದುವರಿಯುತ್ತದೆ.